ಮಲೆನಾಡಿನ ಸರ್ವರ್‌ಗೆ ಬೆಂಗಳೂರಿನಿಂದ ಡೆಬಿಯನ್ 13: ಸಂಪರ್ಕ ಕಳೆದುಕೊಳ್ಳದೆ ಅಪ್‌ಗ್ರೇಡ್

ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ ಗ್ರಂಥಾಲಯದಲ್ಲಿ ಹಳೆಯ ಆಫೀಸ್ ಪಿಸಿಯೊಂದು ಸರ್ವರ್ ಆಗಿ ಓಡುತ್ತಿದೆ. ಪುಸ್ತಕಗಳ ಪಟ್ಟಿ, ಯಾರ ಹತ್ತಿರ ಯಾವ ಪುಸ್ತಕ ಇದೆ ಎಂಬ ಲೆಕ್ಕ, ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆಗಳು ಎಲ್ಲವೂ ಅದರಲ್ಲೇ ಇವೆ. ಓದುಗರು ಫೋನಿನಲ್ಲಿ ಹುಡುಕುತ್ತಾರೆ. ನೋಡಿಕೊಳ್ಳುವವನು ನಾನು, ಇರುವುದು ಬೆಂಗಳೂರಿನಲ್ಲಿ. ನಡುವೆ ಮುನ್ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಗ್ರಂಥಾಲಯದಲ್ಲಿ ಇರುವವರು ನಿವೃತ್ತ ಮೇಷ್ಟ್ರು ಒಬ್ಬರೇ.

ಆ ಪಿಸಿಯಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ 12ನೇ ಆವೃತ್ತಿ, ಅಂದರೆ ಬುಕ್‌ವರ್ಮ್ ಇತ್ತು. ಡೆಬಿಯನ್ 13, ಟ್ರಿಕ್ಸಿ, 2025ರ ಆಗಸ್ಟ್ 9ರಂದು ಬಂತು. ಆಗಸ್ಟ್ ಎಂದರೆ ನಮ್ಮ ಕಡೆ ಮಳೆ ಜೋರು. ಕರೆಂಟು, ಫೈಬರ್ ಎರಡನ್ನೂ ನಂಬುವ ಹಾಗಿಲ್ಲ. 12ಕ್ಕೆ ಮಾಮೂಲಿ ಭದ್ರತಾ ಬೆಂಬಲ 2026ರ ಜೂನ್‌ವರೆಗೆ ಇತ್ತು. ಹಾಗಾಗಿ ಅವಸರ ಇರಲಿಲ್ಲ. ಮಳೆಗಾಲ ಕಳೆದ ಮೇಲೆ ಮಾಡೋಣ, ಅಲ್ಲಿಯವರೆಗೆ ತಯಾರಿ ಮಾಡಿಕೊಳ್ಳೋಣ ಎಂದುಕೊಂಡೆ. ಕೊನೆಗೆ ನೋಡಿದರೆ ತಯಾರಿಗೆ ಹಿಡಿದ ಸಮಯವೇ ಅಪ್‌ಗ್ರೇಡಿಗಿಂತ ಎಷ್ಟೋ ಜಾಸ್ತಿ. ಈ ಬರಹದ ಹೆಚ್ಚಿನ ಭಾಗವೂ ಅದರ ಬಗ್ಗೆಯೇ.

ಅಪ್‌ಗ್ರೇಡ್ ನಡೆಯುವಾಗ ಸಂಪರ್ಕ ಉಳಿಯಬೇಕು ಎಂದರೆ ನಿಜವಾಗಿ ಯಾವ ಸಂಪರ್ಕ? ಇಲ್ಲಿ ಮೂರು ಇವೆ. ದೂರದ ಯಂತ್ರಕ್ಕೆ ಲಾಗಿನ್ ಆಗಿ ನಾನು ಆದೇಶ ಟೈಪ್ ಮಾಡುತ್ತಿರುವ ಎಸ್‌ಎಸ್‌ಎಚ್ ಸೆಷನ್ ಒಂದು. ಓದುಗರು ಗ್ರಂಥಾಲಯದ ಪುಟಕ್ಕೆ ಮಾಡಿಕೊಂಡ ಸಂಪರ್ಕ ಇನ್ನೊಂದು. ರೀಬೂಟ್ ಆದ ಮೇಲೆ ಯಂತ್ರಕ್ಕೆ ಮತ್ತೆ ತಲುಪುವ ದಾರಿ ಮೂರನೆಯದು. ಸಾಮಾನ್ಯವಾಗಿ ಎಲ್ಲರೂ ತಲೆಕೆಡಿಸಿಕೊಳ್ಳುವುದು ಮೊದಲನೆಯದರ ಬಗ್ಗೆ. ನನ್ನ ಪ್ರಕಾರ ಅದು ಹೋದರೂ ನಷ್ಟವಿಲ್ಲ. ಮೂರನೆಯದು ಹೋದರೆ ಬಸ್ಸು ಹತ್ತಬೇಕು.

ಹೊರಗಿನಿಂದ ಒಳಗೆ ಹೋಗುವ ದಾರಿ

ಅಲ್ಲಿನ ಇಂಟರ್ನೆಟ್ ಕಂಪನಿ ಸಾರ್ವಜನಿಕ ಐಪಿ ವಿಳಾಸ ಕೊಡುವುದಿಲ್ಲ. ಹಾಗಾಗಿ ಪಿಸಿಯೇ ಹೊರಗೆ, ಬಾಡಿಗೆಗೆ ಪಡೆದ ಒಂದು ಚಿಕ್ಕ ವಿಪಿಎಸ್‌ಗೆ (ಇಂಟರ್ನೆಟ್ಟಿನಲ್ಲಿರುವ ವರ್ಚುವಲ್ ಸರ್ವರ್), ವೈರ್‌ಗಾರ್ಡ್ ಎಂಬ ವಿಪಿಎನ್‌ನ ಸುರಂಗ ಕೊರೆದು ಕೂತಿರುತ್ತದೆ. ನಾನೂ ಅದೇ ವಿಪಿಎಸ್ ಮೂಲಕ ಒಳಗೆ ಹೋಗುತ್ತೇನೆ. ವೈರ್‌ಗಾರ್ಡ್ ಆರಿಸಿಕೊಳ್ಳಲು ಅಪ್‌ಗ್ರೇಡ್ ಕೂಡ ಒಂದು ಕಾರಣ. 2020ರಲ್ಲಿ ಬಂದ 5.6 ಕರ್ನಲ್‌ನಿಂದ (ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದು ಲಿನಕ್ಸ್ ಕರ್ನಲ್ ಒಳಗೇ ಇದೆ. ಸುರಂಗವನ್ನು ಹಿಡಿದುಕೊಂಡಿರುವ ಬೇರೆ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಮ್, ಇಲ್ಲ. ಅಪ್‌ಗ್ರೇಡ್ ವೇಳೆ ವೈರ್‌ಗಾರ್ಡ್ ಟೂಲ್ಸ್ ಪ್ಯಾಕೇಜು ಬದಲಾದರೂ ಸುರಂಗ ತನ್ನ ಪಾಡಿಗೆ ಇರುತ್ತದೆ.

ಇನ್ನೊಂದು ಲಾಭವೂ ಇದೆ. ಸುರಂಗದ ಒಳಗಿನ ವಿಳಾಸಗಳು ಬದಲಾಗುವುದಿಲ್ಲ. ಮಧ್ಯದಲ್ಲಿ ರೂಟರ್ ರೀಸ್ಟಾರ್ಟ್ ಆಗಿ ಹೊರಗಿನ ಐಪಿ ಬೇರೆ ಬಂದರೂ ಒಳಗಿನ ಎಸ್‌ಎಸ್‌ಎಚ್‌ಗೆ ಅದು ಗೊತ್ತೇ ಆಗುವುದಿಲ್ಲ. ಸ್ವಲ್ಪ ಹೊತ್ತು ತಡೆದು ಮುಂದುವರಿಯುತ್ತದೆ. ಆದರೆ ಎರಡು ಸೆಟ್ಟಿಂಗ್ ನೋಡಿಕೊಳ್ಳಿ. ಪರ್ಸಿಸ್ಟೆಂಟ್ ಕೀಪ್‌ಅಲೈವ್, ಅಂದರೆ ‘ನಾನಿದ್ದೇನೆ’ ಎಂದು ಆಗಾಗ ಕಳಿಸುವ ಸಂದೇಶ, 25 ಸೆಕೆಂಡಿಗೊಮ್ಮೆ ಇಡಬೇಕು. ಇಲ್ಲದಿದ್ದರೆ ಎನ್‌ಎಟಿ (ಒಂದೇ ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚುವ ವ್ಯವಸ್ಥೆ) ತನ್ನ ಪಟ್ಟಿಯಿಂದ ನಮ್ಮನ್ನು ಮರೆತುಬಿಡುತ್ತದೆ. ಎಂಡ್‌ಪಾಯಿಂಟ್ ಜಾಗದಲ್ಲಿ ಡೊಮೇನ್ ಹೆಸರಿನ ಬದಲು ವಿಪಿಎಸ್‌ನ ಐಪಿ ವಿಳಾಸವನ್ನೇ ಬರೆಯಬೇಕು. ಹೆಸರಿನ ಹುಡುಕಾಟ ಸುರಂಗ ಏಳುವಾಗ ಮಾತ್ರ ನಡೆಯುತ್ತದೆ. ಬೂಟ್ ಆದ ತಕ್ಷಣ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ತಯಾರಿಲ್ಲದಿದ್ದರೆ ಸುರಂಗ ಏಳದೇ ಹೋಗಬಹುದು.

ಇದು ಒಂದು ದಾರಿ. ಕರ್ನಲ್ಲೇ ಏಳದಿದ್ದರೆ ಇದರಿಂದ ಏನೂ ಪ್ರಯೋಜನವಿಲ್ಲ, ಅಲ್ವಾ? ಅದಕ್ಕೆ ಎರಡನೆಯ ದಾರಿ ಕಟ್ಟಿದೆ.

ಸೀರಿಯಲ್ ಕೇಬಲ್

ಹಳೆಯ ಆಫೀಸ್ ಪಿಸಿಗಳ ಹಿಂದೆ ಇನ್ನೂ 9 ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತದೆ. ನೆಟ್‌ವರ್ಕ್ ಇಲ್ಲದಾಗಲೂ ಪಿಸಿ ಜೊತೆ ಮಾತಾಡುವ ಈ ಕೆಲಸಕ್ಕೆ ಅದಕ್ಕಿಂತ ಬೆಲೆಬಾಳುವ ವಸ್ತು ಇನ್ನೊಂದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಯುಎಸ್‌ಬಿ–ಸೀರಿಯಲ್ ಕೇಬಲ್ ಮತ್ತು ಒಂದು ನಲ್ ಮೋಡೆಮ್ ಕೇಬಲ್ ತೆಗೆದುಕೊಂಡೆ. ಪಿಸಿ ಪಕ್ಕದಲ್ಲೇ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟು, ಪೈಯ ಯುಎಸ್‌ಬಿಯಿಂದ ಪಿಸಿಯ ಸೀರಿಯಲ್ ಪೋರ್ಟಿಗೆ ಜೋಡಿಸಿದೆ. ಪೈಗೆ ಅದರದ್ದೇ ಬೇರೆ ವೈರ್‌ಗಾರ್ಡ್ ಸುರಂಗ.

ನಲ್ ಮೋಡೆಮ್ ಯಾಕೆಂದರೆ, ಎರಡೂ ಕಡೆ ಕಳಿಸುವ ಪಿನ್ ಮತ್ತು ಪಡೆಯುವ ಪಿನ್ ಒಂದೇ ಜಾಗದಲ್ಲಿರುತ್ತವೆ. 2 ಮತ್ತು 3ನೇ ಪಿನ್‌ಗಳನ್ನು ಅದಲುಬದಲು ಮಾಡಬೇಕು, 5ನೇದು ಗ್ರೌಂಡ್. ಮೂರೇ ತಂತಿ ಸಾಕು. ಮನೆಯಲ್ಲೇ ಬೆಸುಗೆ ಹಾಕಿಕೊಳ್ಳಬಹುದು. ಆದರೆ ಪೈಯ ಜಿಪಿಐಒ ಪಿನ್ನಿಗೆ ಪಿಸಿಯ ಸೀರಿಯಲ್ ಪೋರ್ಟನ್ನು ನೇರವಾಗಿ ಜೋಡಿಸಲೇಬೇಡಿ. ಪೈ ತಡೆಯುವುದು 3.3 ವೋಲ್ಟ್. ಪಿಸಿಯ ಸೀರಿಯಲ್ ಪೋರ್ಟ್ ಪಾಲಿಸುವ ಆರ್‌ಎಸ್-232ರಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ವೋಲ್ಟೇಜ್ ಬರುತ್ತದೆ, ಮೈನಸ್ ವೋಲ್ಟೇಜ್ ಕೂಡ ಬರುತ್ತದೆ. ಪೈ ಸುಟ್ಟುಹೋಗುತ್ತದೆ.

ಪಿಸಿ ಕಡೆ, ಕರ್ನಲ್ಲನ್ನು ಆರಿಸಿ ಎಬ್ಬಿಸುವ ಗ್ರಬ್‌ನ ಸೆಟ್ಟಿಂಗ್‌ನಲ್ಲಿ ಸೀರಿಯಲ್ ಟರ್ಮಿನಲ್ ಸೇರಿಸಿದೆ. ಕರ್ನಲ್ ಸಾಲಿಗೆ (ಎಬ್ಬಿಸುವಾಗ ಕರ್ನಲ್ಲಿಗೆ ಕೊಡುವ ಸೂಚನೆಗಳ ಸಾಲು) ಎರಡು ಕನ್ಸೋಲ್, ಅಂದರೆ ಸಂದೇಶ ತೋರಿಸುವ ಜಾಗ, ಕೊಟ್ಟೆ: ಮೊದಲು ಪರದೆಯದು, ಆಮೇಲೆ 115200 ವೇಗದ ಸೀರಿಯಲ್. ಈ ಕ್ರಮ ಮುಖ್ಯ. ಕೊನೆಗೆ ಬರೆದ ಕನ್ಸೋಲೇ ಮುಖ್ಯ ಕನ್ಸೋಲ್ ಆಗುತ್ತದೆ, ಬೂಟ್ ಆಗುವಾಗ ಸಿಸ್ಟಮ್‌ಡಿ (ಎಲ್ಲ ಸರ್ವಿಸ್‌ಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್) ಹೇಳುವ ಮಾತುಗಳೆಲ್ಲ ಅದಕ್ಕೇ ಬರುತ್ತವೆ. ಲಾಗಿನ್ ಪ್ರಾಂಪ್ಟ್ ಅನ್ನು ಸಿಸ್ಟಮ್‌ಡಿ ತಾನೇ ಅಲ್ಲಿ ತೆರೆಯುತ್ತದೆ. ಪೈಯಲ್ಲಿ ಸೀರಿಯಲ್ ಪೋರ್ಟ್ ನೋಡುವ ಪಿಕೊಕಾಮ್ ಓಡಿಸಿ ಪಿಸಿಯನ್ನು ರೀಬೂಟ್ ಮಾಡಿದೆ. ಬೆಂಗಳೂರಿನ ಲ್ಯಾಪ್‌ಟಾಪ್‌ನಲ್ಲಿ ಮಲೆನಾಡಿನ ಪಿಸಿಯ ಗ್ರಬ್ ಮೆನು ಮೂಡಿತು. ಬಾಣದ ಕೀಲಿ ಒತ್ತಿದರೆ ಸಾಲು ಕೆಳಗಿಳಿಯುತ್ತಿತ್ತು. ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟ ಗಳಿಗೆ ಅದು.

ಜೊತೆಗೆ ರೂಟ್, ಅಂದರೆ ಎಲ್ಲ ಅಧಿಕಾರವಿರುವ ಖಾತೆಗೆ ಪಾಸ್‌ವರ್ಡ್ ಇದೆಯೇ ಎಂದು ನೋಡಿಕೊಂಡೆ. ಎಷ್ಟೋ ಡೆಬಿಯನ್ ಯಂತ್ರಗಳಲ್ಲಿ ಆ ಅಧಿಕಾರವನ್ನು ಬೇಕಾದಾಗ ಪಡೆಯುವ ಸುಡೋ ಮಾತ್ರ ಇರುತ್ತದೆ, ರೂಟ್ ಖಾತೆ ಲಾಕ್ ಆಗಿರುತ್ತದೆ. ದಿನನಿತ್ಯ ಅದು ಒಳ್ಳೆಯದೇ. ಆದರೆ ಬೂಟ್ ಅರ್ಧಕ್ಕೆ ನಿಂತರೆ ಎಮರ್ಜೆನ್ಸಿ ಶೆಲ್ ರೂಟ್ ಪಾಸ್‌ವರ್ಡನ್ನೇ ಕೇಳುತ್ತದೆ. ಲಾಕ್ ಆಗಿದ್ದರೆ ಬಾಗಿಲು ತೆರೆಯುವುದಿಲ್ಲ, ಕೇಬಲ್ ಇದ್ದೂ ಇಲ್ಲದ ಹಾಗೆ. ಉದ್ದನೆಯ ಪಾಸ್‌ವರ್ಡ್ ಇಟ್ಟು, ಎಸ್‌ಎಸ್‌ಎಚ್ ಮೂಲಕ ರೂಟ್ ಲಾಗಿನ್ ಬಂದ್ ಇದೆ ಎಂದು ಖಚಿತ ಮಾಡಿಕೊಂಡೆ.

ಹಳೆಯ ಕರ್ನಲ್ಲಿಗೆ ತಾನಾಗಿ ಮರಳುವುದು

12ರಲ್ಲಿ ಇದ್ದದ್ದು 6.1 ಕರ್ನಲ್, 13ರಲ್ಲಿ ಬರುವುದು 6.12. ಹೊಸ ಕರ್ನಲ್ ಈ ಹಳೆಯ ಪಿಸಿಯ ನೆಟ್‌ವರ್ಕ್ ಚಿಪ್ ಜೊತೆ ಹೇಗೆ ನಡೆದುಕೊಳ್ಳುತ್ತದೋ ಬೂಟ್ ಮಾಡುವವರೆಗೆ ಗೊತ್ತಾಗುವುದಿಲ್ಲ. ಅದಕ್ಕೆ ಗ್ರಬ್‌ನಲ್ಲಿ ಡಿಫಾಲ್ಟ್ ಎಂಬುದನ್ನು ‘ಸೇವ್ಡ್’ ಎಂದು ಬದಲಿಸಿದೆ. ಖಾಯಂ ಆಯ್ಕೆ ಹಳೆಯ ಕರ್ನಲ್. ಗ್ರಬ್-ರೀಬೂಟ್ ಆದೇಶದಿಂದ ‘ಮುಂದಿನ ಒಂದು ಸಲ ಮಾತ್ರ ಹೊಸದು’ ಎಂದು ಹೇಳಬಹುದು. ಹೊಸದು ಕೈಕೊಟ್ಟರೆ ಕರೆಂಟು ತೆಗೆದು ಹಾಕಿದರೆ ಸಾಕು, ಹಳೆಯದು ಏಳುತ್ತದೆ. ಅಷ್ಟನ್ನು ಮೇಷ್ಟ್ರು ಮಾಡಬಲ್ಲರು. ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಸರಿಪಡಿಸಲಾಗದ ದೋಷದಿಂದ ನಿಂತರೆ, 30 ಸೆಕೆಂಡಿನಲ್ಲಿ ತಾನೇ ರೀಬೂಟ್ ಆಗುವಂತೆ ಕರ್ನಲ್ ಸಾಲಿಗೆ ‘ಪ್ಯಾನಿಕ್=30’ ಸೇರಿಸಿದೆ. ಬಯೋಸ್‌ನಲ್ಲಿ ಕರೆಂಟು ಬಂದ ಕೂಡಲೇ ಪಿಸಿ ಆನ್ ಆಗುವ ಆಯ್ಕೆ ಮೊದಲೇ ಇತ್ತು.

ಇದನ್ನು ಮಾಡುವವರು ಎರಡು ವಿಷಯ ಗಮನಿಸಿ. ಬೂಟ್ ಡೈರೆಕ್ಟರಿ ಎಲ್‌ವಿಎಂ ಅಥವಾ ಸಾಫ್ಟ್‌ವೇರ್ ರೇಡ್ (ಡಿಸ್ಕುಗಳನ್ನು ಒಟ್ಟುಗೂಡಿಸಿ ಬಳಸುವ ವ್ಯವಸ್ಥೆಗಳು) ಮೇಲಿದ್ದರೆ ಗ್ರಬ್ ಅದರ ಮೇಲೆ ಬರೆಯಲಾರದು. ‘ಒಂದು ಸಲ’ ಎಂದದ್ದನ್ನು ಅಳಿಸಲು ಅದಕ್ಕೆ ಆಗುವುದಿಲ್ಲ, ಪ್ರತಿ ಸಲವೂ ಹೊಸದಕ್ಕೇ ಹೋಗುತ್ತದೆ. ನಮ್ಮದು ಸಾದಾ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ಇನ್ನೊಂದು, ಕರ್ನಲ್ಲನ್ನು ಮೆನುವಿನ ಸಂಖ್ಯೆಯಿಂದ ಆರಿಸಬೇಡಿ. ಹೊಸ ಕರ್ನಲ್ ಬಂದರೆ ಸಂಖ್ಯೆಗಳು ಸರಿದುಬಿಡುತ್ತವೆ. ಮೆನು ಸಾಲಿನ ಉದ್ದನೆಯ ಐಡಿ ಬಳಸಿ.

ನನ್ನ ಸೆಷನ್

ಇಲ್ಲಿ ಸುಮ್ನೆ ಕೀಪ್‌ಅಲೈವ್ ಹಾಕಿ ಎಂದು ಎಲ್ಲ ಕಡೆ ಹೇಳುತ್ತಾರೆ. ಅದು ಅರ್ಧ ಮಾತ್ರ ಸರಿ. ಎಸ್‌ಎಸ್‌ಎಚ್‌ನ ಸರ್ವರ್ ಅಲೈವ್ ಇಂಟರ್ವಲ್ 15 ಸೆಕೆಂಡ್ ಎಂದು ಹಾಕಿ ಸುಮ್ಮನಿದ್ದರೆ ಡಿಫಾಲ್ಟ್ ಎಣಿಕೆ 3. ಅಂದರೆ ಸುಮಾರು 45 ಸೆಕೆಂಡ್ ಉತ್ತರ ಬಾರದಿದ್ದರೆ ನಮ್ಮ ಎಸ್‌ಎಸ್‌ಎಚ್ ತಾನೇ ಸಂಪರ್ಕ ಕಡಿದುಕೊಳ್ಳುತ್ತದೆ. ಉಳಿಸಲು ಹಾಕಿದ್ದೇ ಕಡಿಯುತ್ತದೆ! ಸಂಪರ್ಕವನ್ನು ಕೆಳಗಿನಿಂದ ನಡೆಸುವ ಲಿನಕ್ಸ್‌ನ ಟಿಸಿಪಿಗೆ ಅಷ್ಟು ಅವಸರವಿಲ್ಲ. ಕಳಿಸಿದ ಡೇಟಾಗೆ ಉತ್ತರ ಬಾರದಿದ್ದರೆ ಡಿಫಾಲ್ಟ್ ಲೆಕ್ಕದಲ್ಲಿ ಅದು ಸುಮಾರು 15 ನಿಮಿಷ ಮರುಪ್ರಯತ್ನ ಮಾಡುತ್ತದೆ. ಎರಡು ನಿಮಿಷ ನೆಟ್ ಹೋಗಿ ಬಂದರೆ ಟಿಸಿಪಿ ಬದುಕಿಕೊಳ್ಳುತ್ತದೆ. ಹಾಗಾಗಿ ನಾನು ಇಂಟರ್ವಲ್ 30, ಎಣಿಕೆ 20 ಇಟ್ಟೆ. ಎನ್‌ಎಟಿ ಎಚ್ಚರವಾಗಿರಲು 30 ಸಾಕು, ಸೋಲೊಪ್ಪಿಕೊಳ್ಳಲು 10 ನಿಮಿಷ. ಸರ್ವರ್ ಕಡೆಯ ಕ್ಲೈಂಟ್ ಅಲೈವ್ ಸೆಟ್ಟಿಂಗನ್ನೂ ಇದೇ ಕಣ್ಣಿನಿಂದ ನೋಡಿ.

ಇಷ್ಟಾದ ಮೇಲೂ ಸೆಷನ್ ಹೋಗಬಹುದು ಎಂದೇ ಇಟ್ಟುಕೊಳ್ಳಬೇಕು. ಕೆಲಸ ನಡೆಯುವುದು ಟಿಮಕ್ಸ್ ಒಳಗೆ, ಅಂದರೆ ಲಾಗಿನ್ ಹೋದರೂ ಸರ್ವರ್‌ನಲ್ಲೇ ಉಳಿಯುವ ಟರ್ಮಿನಲ್ ಒಳಗೆ. ನನ್ನ ಲ್ಯಾಪ್‌ಟಾಪ್ ಆಫ್ ಆದರೂ ಅಲ್ಲಿ ಅಪ್‌ಗ್ರೇಡ್ ನಿಲ್ಲುವುದಿಲ್ಲ. ಲಾಗ್‌ಔಟ್ ಆದಾಗ ಬಳಕೆದಾರರ ಪ್ರೋಗ್ರಾಮ್‌ಗಳನ್ನು ಕೊಲ್ಲುವ ಸೆಟ್ಟಿಂಗ್ ಸಿಸ್ಟಮ್‌ಡಿಯಲ್ಲಿ ಇದೆ, ಡೆಬಿಯನ್ ಅದನ್ನು ಬಂದ್ ಮಾಡಿ ಕೊಡುತ್ತದೆ. ಬೇರೆ ಲಿನಕ್ಸ್ ಬಳಸುವವರು ಪರೀಕ್ಷಿಸಿಕೊಳ್ಳಿ.

ಈಗ ಎಸ್‌ಎಸ್‌ಎಚ್ ಡೀಮನ್ ಬಗ್ಗೆ. ಅದನ್ನು ರೀಸ್ಟಾರ್ಟ್ ಮಾಡಿದರೆ ನಾವು ಹೊರಗೆ ಬೀಳುತ್ತೇವೆ ಎಂಬ ಭಯ ತುಂಬಾ ಜನರಿಗೆ ಇದೆ. ಡೆಬಿಯನ್‌ನಲ್ಲಿ ಹಾಗಾಗುವುದಿಲ್ಲ. ಅದರ ಸರ್ವಿಸ್ ಫೈಲಿನಲ್ಲಿ ಕಿಲ್‌ಮೋಡ್ ‘ಪ್ರೋಸೆಸ್’ ಎಂದಿದೆ. ಬಾಗಿಲಲ್ಲಿ ಕೂತ ಮುಖ್ಯ ಪ್ರೋಸೆಸ್ ಮಾತ್ರ ಸಾಯುತ್ತದೆ, ಒಳಗೆ ಬಂದವರ ಪ್ರೋಸೆಸ್‌ಗಳು ಹಾಗೇ ಇರುತ್ತವೆ. ನಿಜವಾದ ತೊಂದರೆ ಇದಕ್ಕೆ ಉಲ್ಟಾ: ಇರುವ ಸಂಪರ್ಕ ಉಳಿದು, ಹೊಸ ಸಂಪರ್ಕ ಸಿಗದಿರುವುದು.

ಕಾರಣ ಹೀಗಿದೆ. ಹೊಸ ಸಂಪರ್ಕ ಬಂದಾಗಲೆಲ್ಲ ಎಸ್‌ಎಸ್‌ಎಚ್ ಡೀಮನ್ ಡಿಸ್ಕಿನಲ್ಲಿರುವ ತನ್ನದೇ ಪ್ರೋಗ್ರಾಮನ್ನು ಮತ್ತೆ ಓಡಿಸುತ್ತದೆ. 2024ರ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ (ಈ ಡೀಮನ್ ಇರುವ ಸಾಫ್ಟ್‌ವೇರ್) 9.8ರಲ್ಲಿ ಆ ಪ್ರೋಗ್ರಾಮನ್ನು ಎರಡು ಭಾಗ ಮಾಡಿದರು: ಕಾಯುವುದು ಒಂದು, ಸೆಷನ್ ನಡೆಸುವುದು ಇನ್ನೊಂದು. ಅಪ್‌ಗ್ರೇಡ್ ಮಧ್ಯೆ ಡಿಸ್ಕಿನಲ್ಲಿ ಹೊಸದು ಬಂದಿರುತ್ತದೆ, ಮೆಮೊರಿಯಲ್ಲಿ ಹಳೆಯದು ಓಡುತ್ತಿರುತ್ತದೆ. ಹಳೆಯದು ಹೊಸದನ್ನು ಕರೆದರೆ ಎರಡಕ್ಕೂ ಹೊಂದುವುದಿಲ್ಲ. ಡೀಮನ್ ರೀಸ್ಟಾರ್ಟ್ ಆಗುವವರೆಗೆ ಯಾರೂ ಒಳಗೆ ಬರಲಾಗುವುದಿಲ್ಲ. ಅದೇ ಹೊತ್ತಿಗೆ ನಮ್ಮ ನೆಟ್ ಹೋದರೆ ಮರಳಲು ದಾರಿ ಇಲ್ಲ. ಆರ್ಚ್ ಲಿನಕ್ಸ್ ಬಳಸುವವರಿಗೆ 2024ರಲ್ಲೇ ಈ ಎಚ್ಚರಿಕೆ ಬಂದಿತ್ತು. ಟ್ರಿಕ್ಸಿಯ ಬಿಡುಗಡೆ ಟಿಪ್ಪಣಿಯಲ್ಲೂ ಇದೆ: 13ಕ್ಕೆ ಹೋಗುವ ಮುಂಚೆ 12ರ ಓಪನ್‌ಎಸ್‌ಎಸ್‌ಎಚ್ ಅನ್ನು ಸರಿಪಡಿಸಿದ ಆವೃತ್ತಿಗೆ ತನ್ನಿ. ಆವೃತ್ತಿಯ ಕೊನೆಯಲ್ಲಿ ‘ಡೆಬ್12ಯು7’ ಅಥವಾ ಮುಂದಿನದು ಇರಬೇಕು. ನಾನು ಮೊದಲು 12ರ ಎಲ್ಲ ಅಪ್‌ಡೇಟ್ ಹಾಕಿ ಆ ಸಂಖ್ಯೆ ಕಣ್ಣಾರೆ ನೋಡಿಯೇ ಮುಂದುವರಿದೆ.

ಉಬುಂಟುವಿನ ಅಪ್‌ಗ್ರೇಡ್ ಆದೇಶ ಇಂಥ ಸಂದರ್ಭಕ್ಕೆಂದೇ 1022 ಪೋರ್ಟಿನಲ್ಲಿ ಇನ್ನೊಂದು ಡೀಮನ್ ತೆರೆದಿಡುತ್ತದೆ. ಒಳ್ಳೆಯ ಅಭ್ಯಾಸ. ಆದರೆ ಎರಡನೆಯದೂ ಅದೇ ಪ್ರೋಗ್ರಾಮ್ ಆಗಿದ್ದರೆ ಎರಡಕ್ಕೂ ಒಂದೇ ಕಾಯಿಲೆ ಬರಬಹುದು. ಸೀರಿಯಲ್ ಕೇಬಲ್ ಮೇಲೆ ನನಗೆ ಇಷ್ಟು ಪ್ರೀತಿ ಇದಕ್ಕೇ. ಅದಕ್ಕೆ ಎಸ್‌ಎಸ್‌ಎಚ್ ಡೀಮನ್ನೂ ಬೇಡ, ಪಿಸಿಯ ನೆಟ್‌ವರ್ಕೂ ಬೇಡ.

ಓದುಗರ ಸಂಪರ್ಕ

ಗ್ರಂಥಾಲಯದ ಪುಟ ಪೈಥಾನ್‌ನಲ್ಲಿ ಬರೆದದ್ದು, ಗುನಿಕಾರ್ನ್ ಎಂಬ ಪೈಥಾನ್ ವೆಬ್ ಸರ್ವರ್ ಮೇಲೆ ಓಡುತ್ತದೆ. ಹೊರಗೆ ವಿಪಿಎಸ್‌ನಲ್ಲಿ ಓದುಗರ ಕೋರಿಕೆಗಳನ್ನು ಪಡೆದು ಮುಂದೆ ಕಳಿಸುವ ಎಂಜಿನ್‌ಎಕ್ಸ್ ಇದೆ, ಅಲ್ಲಿಂದ ಸುರಂಗದ ಮೂಲಕ ಪಿಸಿಗೆ. ಪಿಸಿಯಲ್ಲಿ ಪೋರ್ಟನ್ನು ಗುನಿಕಾರ್ನ್ ಕೈಯಲ್ಲಿ ಬಿಡದೆ ಸಿಸ್ಟಮ್‌ಡಿಯ ಸಾಕೆಟ್ ಯೂನಿಟ್‌ಗೆ ಕೊಟ್ಟೆ. ಗುನಿಕಾರ್ನ್ ರೀಸ್ಟಾರ್ಟ್ ಆಗುವಾಗ ಬಂದವರಿಗೆ ‘ಇಲ್ಲ’ ಎನ್ನುವ ಉತ್ತರ ಹೋಗುವುದಿಲ್ಲ, ಕರ್ನಲ್ ಅವರನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಪಡಿತರ ಅಂಗಡಿಯಲ್ಲಿ ತೂಗುವವರು ಬದಲಾದರೂ ಹೊರಗಿನ ಸಾಲು ಚದುರುವುದಿಲ್ಲವಲ್ಲ, ಹಾಗೆ. ಹಾಗಾದರೆ ಸಿಸ್ಟಮ್‌ಡಿಯೇ 252ರಿಂದ 257ಕ್ಕೆ ಹೋಗುವಾಗ? ಆಗ ಅದು ತನ್ನ ಸ್ಥಿತಿಯನ್ನೆಲ್ಲ ಬರೆದಿಟ್ಟು, ತೆರೆದ ಸಾಕೆಟ್‌ಗಳನ್ನು ಕೈಬಿಡದೆ, ಅದೇ ಪ್ರೋಸೆಸ್ ಸಂಖ್ಯೆ 1ರಲ್ಲಿ ಹೊಸ ಪ್ರೋಗ್ರಾಮ್ ಆಗಿ ಮುಂದುವರಿಯುತ್ತದೆ. ಪೋರ್ಟ್ ಒಂದು ಕ್ಷಣವೂ ಮುಚ್ಚುವುದಿಲ್ಲ.

ರೀಬೂಟ್ ವಿಷಯ ಬೇರೆ. ಹೊಸದಾಗಿ ಎದ್ದ ಕರ್ನಲ್ಲಿಗೆ ಹಳೆಯ ಟಿಸಿಪಿ ಸಂಪರ್ಕಗಳ ನೆನಪೇ ಇರುವುದಿಲ್ಲ. ಅವು ಹೋಗುತ್ತವೆ. ಅದನ್ನು ಮುಚ್ಚಿಡಲು ವಿಪಿಎಸ್‌ನ ಎಂಜಿನ್‌ಎಕ್ಸ್‌ನಲ್ಲಿ ಕ್ಯಾಶ್, ಅಂದರೆ ಪುಟಗಳ ಪ್ರತಿಗಳ ಸಂಗ್ರಹ, ಇಟ್ಟು, ಹಿಂದಿನ ಸರ್ವರ್ ಸಿಗದಿದ್ದರೆ ಹಳೆಯ ಪ್ರತಿಯನ್ನೇ ಕೊಡು ಎಂದು ಹೇಳಿದೆ. ಪಿಸಿಗೆ ಸಂಪರ್ಕ ಮಾಡಲು ಅದು ಕಾಯುವ ಡಿಫಾಲ್ಟ್ ಸಮಯ 60 ಸೆಕೆಂಡ್. ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ, 3ಕ್ಕೆ ಇಳಿಸಿದೆ. ಪುಸ್ತಕ ಹುಡುಕುವವರಿಗೆ ಸ್ವಲ್ಪ ಹಳೆಯ ಪಟ್ಟಿ ಕಂಡರೆ ನಷ್ಟವಿಲ್ಲ. ಪುಸ್ತಕ ಕೊಡುವ, ಪಡೆಯುವ ಲೆಕ್ಕವನ್ನು ಆ ದಿನ ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಅಪ್‌ಗ್ರೇಡ್ ದಿನ

ಪಿಸಿ, ಪೈ, ರೂಟರ್, ಫೈಬರ್ ಡಬ್ಬಿ ನಾಲ್ಕೂ ಇನ್ವರ್ಟರ್ ಮೇಲೆ ಇವೆ ಎಂದು ಮೇಷ್ಟ್ರಿಂದ ಖಚಿತ ಮಾಡಿಕೊಂಡೆ. ಪಿಸಿಗೆ ಮಾತ್ರ ಬ್ಯಾಕಪ್ ಕೊಟ್ಟು ಫೈಬರ್ ಡಬ್ಬಿಯನ್ನು ಬಿಟ್ಟಿರುವ ಜಾಗಗಳೇ ಜಾಸ್ತಿ.

ಮೊದಲು ಸೋರ್ಸ್ ಪಟ್ಟಿಯಲ್ಲಿ ಟ್ರಿಕ್ಸಿ ಬರೆದು, ಎಲ್ಲ ಪ್ಯಾಕೇಜುಗಳನ್ನು ಡೌನ್‌ಲೋಡ್ ಮಾತ್ರ ಮಾಡಿಸಿದೆ. ಪ್ಯಾಕೇಜುಗಳನ್ನು ನೋಡಿಕೊಳ್ಳುವ ಎಪಿಟಿಗೆ ಆ ಆಯ್ಕೆ ಇದೆ, ಬಳಸುವವರು ಕಡಿಮೆ. ಎಲ್ಲ ಡಿಸ್ಕಿಗೆ ಬಂದ ಮೇಲೆ ಇನ್‌ಸ್ಟಾಲ್ ಮಾಡಲು ಇಂಟರ್ನೆಟ್ಟೇ ಬೇಡ. ಆಮೇಲೆ ಹೊಸ ಪ್ಯಾಕೇಜು ಸೇರಿಸದ ಚಿಕ್ಕ ಅಪ್‌ಗ್ರೇಡ್, ನಂತರ ಫುಲ್ ಅಪ್‌ಗ್ರೇಡ್. ಲೈಬ್ರರಿ ಬದಲಾದಾಗ ಸರ್ವಿಸ್‌ಗಳನ್ನು ರೀಸ್ಟಾರ್ಟ್ ಮಾಡಲೇ ಎಂದು ಕೇಳಿತು, ಹೂಂ ಎಂದೆ. ಎಸ್‌ಎಸ್‌ಎಚ್‌ನ ಕಾನ್ಫಿಗ್ ಫೈಲ್ ಬಗ್ಗೆ ಕೇಳಿದಾಗ ನಮ್ಮದನ್ನೇ ಉಳಿಸಿಕೊಂಡೆ.

ಅರ್ಧ ದಾರಿಯಲ್ಲಿ ನನ್ನ ಮನೆಯ ನೆಟ್ಟೇ ಹೋಯಿತು. ಬಹಳ ಹೊತ್ತು ಬರಲಿಲ್ಲ, ಸೆಷನ್ ಸತ್ತಿತು. ಫೋನಿನ ಹಾಟ್‌ಸ್ಪಾಟ್‌ನಿಂದ ಮತ್ತೆ ಒಳಗೆ ಹೋದೆ, ಎಸ್‌ಎಸ್‌ಎಚ್ ತಕ್ಷಣ ಸಿಕ್ಕಿತು. ಆದರೆ ಟಿಮಕ್ಸ್‌ಗೆ ಮರಳಿ ಸೇರಲು ಆಗಲಿಲ್ಲ. ಟಿಮಕ್ಸ್ ಪ್ಯಾಕೇಜು ಅಷ್ಟರಲ್ಲಿ 3.3ರಿಂದ 3.5ಕ್ಕೆ ಹೋಗಿತ್ತು. ಒಳಗೆ ಓಡುತ್ತಿರುವುದು ಹಳೆಯ ಟಿಮಕ್ಸ್, ನಾನು ಕರೆದದ್ದು ಹೊಸದು. ಇದಕ್ಕೆ ಒಂದು ಸೊಗಸಾದ ದಾರಿ ಇದೆ. ಓಡುತ್ತಿರುವ ಪ್ರೋಗ್ರಾಮಿನ ಫೈಲನ್ನು ಡಿಸ್ಕಿನಿಂದ ಅಳಿಸಿದರೂ ಕರ್ನಲ್ ಅದನ್ನು ಕೈಬಿಡುವುದಿಲ್ಲ. ಪ್ರೊಕ್ ಡೈರೆಕ್ಟರಿಯಲ್ಲಿ ಆ ಪ್ರೋಸೆಸ್ ಸಂಖ್ಯೆಯ ಕೆಳಗೆ ‘ಎಕ್ಸ್‌ಇ’ ಎಂಬ ಕೊಂಡಿ ಇರುತ್ತದೆ. ಹಳೆಯ ಟಿಮಕ್ಸ್ ಸರ್ವರಿನ ಪ್ರೋಸೆಸ್ ಸಂಖ್ಯೆ ಹುಡುಕಿ, ಆ ಕೊಂಡಿಯನ್ನೇ ಆದೇಶದ ಹಾಗೆ ಓಡಿಸಿ ‘ಅಟ್ಯಾಚ್’ ಎಂದೆ. ಹಳೆಯದು ಹಳೆಯದರ ಜೊತೆ ಮಾತಾಡಿತು. ಅಪ್‌ಗ್ರೇಡ್ ನನ್ನನ್ನು ಕಾಯದೆ ಮುಂದೆ ಸಾಗಿತ್ತು.

ಪೈಥಾನ್ 3.11 ಹೋಗಿ 3.13 ಬಂದಿತ್ತು. ಹಳೆಯ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಪುಟದ ಪೈಥಾನ್ ಲೈಬ್ರರಿಗಳ ಪ್ರತ್ಯೇಕ ಜಾಗ) ಇದರ ಜೊತೆ ಕೆಲಸ ಮಾಡುವುದಿಲ್ಲ, ಅದರ ಲೈಬ್ರರಿಗಳು 3.11ರ ಡೈರೆಕ್ಟರಿಯಲ್ಲಿ ಇರುತ್ತವೆ. ಪಕ್ಕದಲ್ಲಿ ಹೊಸದು ಕಟ್ಟಿ, ಸರ್ವಿಸ್‌ನಲ್ಲಿ ದಾರಿ ಬದಲಿಸಿ ರೀಸ್ಟಾರ್ಟ್ ಮಾಡಿದೆ. ಮೆಮೊರಿಯಲ್ಲಿದ್ದ ಹಳೆಯದು ಅಲ್ಲಿಯವರೆಗೆ ಪುಟ ಕೊಡುತ್ತಲೇ ಇತ್ತು.

ರೀಬೂಟ್ ಮುಂಚೆ ನೋಡಬೇಕಾದದ್ದು ನೆಟ್‌ವರ್ಕ್ ಕಾರ್ಡಿನ ಹೆಸರು. ಸಾಧನಗಳಿಗೆ ಹೆಸರಿಡುವ ಯುಡೆವ್‌ನ ಆವೃತ್ತಿ ಬದಲಾದಾಗ ಕೆಲವು ಯಂತ್ರಗಳಲ್ಲಿ ಈ ಹೆಸರೇ ಬದಲಾಗುತ್ತದೆ. ಹೆಸರು ಬದಲಾದರೆ ಇಂಟರ್‌ಫೇಸಸ್ ಫೈಲಿನಲ್ಲಿ ಬರೆದದ್ದು ಯಾವುದಕ್ಕೂ ಹೊಂದುವುದಿಲ್ಲ, ಯಂತ್ರ ಎದ್ದರೂ ನೆಟ್ ಇರುವುದಿಲ್ಲ. ಯುಡೆವ್‌ಎಡಿಎಂನ ‘ಟೆಸ್ಟ್-ಬಿಲ್ಟಿನ್’ ಆದೇಶದಿಂದ ಮುಂದಿನ ಬೂಟ್‌ನಲ್ಲಿ ಯಾವ ಹೆಸರು ಬರುತ್ತದೆ ಎಂದು ಈಗಲೇ ಕೇಳಬಹುದು. ನಮ್ಮಲ್ಲಿ ಹೆಸರು ಅದೇ ಬಂತು. ಆದರೂ ಕಾರ್ಡಿನ ಮ್ಯಾಕ್ ವಿಳಾಸ ನೋಡಿ ‘ಲ್ಯಾನ್0’ ಎಂದು ಕರೆಯುವ ಒಂದು ಲಿಂಕ್ ಫೈಲ್ ಬರೆದು, ಇಂಟರ್‌ಫೇಸಸ್ ಫೈಲಿನಲ್ಲೂ ಅದೇ ಹೆಸರು ಹಾಕಿದೆ. ಹೆಸರು ಬೂಟ್‌ನ ಆರಂಭದಲ್ಲೇ ಬೀಳುವುದರಿಂದ ಕರ್ನಲ್ ಜೊತೆ ಮೊದಲು ಮೆಮೊರಿಗೆ ಬರುವ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿಸಬೇಕು. ಐಪಿ ವಿಳಾಸ ಮೊದಲಿನಿಂದಲೂ ಸ್ಟ್ಯಾಟಿಕ್. ವಿಳಾಸವನ್ನು ತಾನಾಗಿ ಪಡೆಯುವ ಡಿಎಚ್‌ಸಿಪಿ ಕ್ಲೈಂಟ್ ಬದಲಾಗುವ ಗೊಂದಲ ನಮಗೆ ತಟ್ಟಲಿಲ್ಲ.

ಪೈಯಲ್ಲಿ ಪಿಕೊಕಾಮ್ ತೆರೆದಿಟ್ಟು, ಗ್ರಬ್-ರೀಬೂಟ್ ಹೇಳಿ, ರೀಬೂಟ್ ಕೊಟ್ಟೆ.

ಸೀರಿಯಲ್‌ನಲ್ಲಿ ಗ್ರಬ್ ಬಂತು, 6.12 ಎದ್ದಿತು, ಸಾಲು ಸಾಲು ಹಸಿರು ‘ಓಕೆ’. ಆಮೇಲೆ ಒಂದು ಸಾಲು ನಿಂತುಬಿಟ್ಟಿತು: ಯಾವುದೋ ಡಿಸ್ಕಿಗಾಗಿ ಕಾಯುತ್ತಿದ್ದೇನೆ, ಮಿತಿ 1 ನಿಮಿಷ 30 ಸೆಕೆಂಡ್. ಮುಗಿದ ಮೇಲೆ ಎಮರ್ಜೆನ್ಸಿ ಮೋಡ್. ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದೆ. ಕಾಣೆಯಾಗಿದ್ದು ಬ್ಯಾಕಪ್‌ನ ಯುಎಸ್‌ಬಿ ಡಿಸ್ಕ್. ಮೇಷ್ಟ್ರಿಗೆ ಫೋನ್ ಮಾಡಿದೆ.

‘ಮೇಷ್ಟ್ರೇ, ಪಿಸಿ ಪಕ್ಕದ ಕಪ್ಪು ಡಿಸ್ಕ್ ಏನಾದರೂ ತೆಗೆದಿದ್ದೀರಾ?’

‘ಹೌದು ಮಾರಾಯ, ನೀನು ಇವತ್ತು ಕೆಲಸ ಮಾಡ್ತೀನಿ ಅಂದಿದ್ದೆಯಲ್ಲ, ಬೆಳಿಗ್ಗೆ ಧೂಳೆಲ್ಲ ಒರೆಸಿದೆ. ವಯರ್ ಸಡಿಲ ಆಯ್ತೇನೋ, ದೀಪ ಹತ್ತಿಲ್ಲ ನೋಡು.’

ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಆ ಡಿಸ್ಕಿನ ಸಾಲಿಗೆ ‘ನೋಫೇಲ್’ ಸೇರಿಸಿದೆ. ಇನ್ನು ಮುಂದೆ ಡಿಸ್ಕ್ ಇಲ್ಲದಿದ್ದರೂ ಬೂಟ್ ನಿಲ್ಲುವುದಿಲ್ಲ. ಮೇಷ್ಟ್ರು ವಯರ್ ಒತ್ತಿ ಹಾಕಿದರು, ನಾನು ಮುಂದುವರಿಸಿದೆ. ಲ್ಯಾನ್0 ಎದ್ದಿತು, ಸುರಂಗ ಎದ್ದಿತು, ಲ್ಯಾಪ್‌ಟಾಪ್‌ನಲ್ಲಿ ಪಿಂಗ್ ಶುರುವಾಯಿತು. ನೋಡಿ, ಇದರಲ್ಲಿ ಡೆಬಿಯನ್ 13ರ ತಪ್ಪಾಗಲಿ ಹೊಸ ಕರ್ನಲ್ಲಿನ ತಪ್ಪಾಗಲಿ ಏನೂ ಇಲ್ಲ. ಬಿಡುಗಡೆ ಟಿಪ್ಪಣಿಯನ್ನು ಎಷ್ಟು ಸಲ ಓದಿದರೂ ಇದು ಸಿಗುತ್ತಿರಲಿಲ್ಲ. ಸೀರಿಯಲ್ ಕೇಬಲ್ ಇಲ್ಲದಿದ್ದರೆ ನನಗೆ ಕಾಣುತ್ತಿದ್ದದ್ದು ಸುಮ್ಮನಿರುವ ಪಿಂಗ್ ಮಾತ್ರ.

ಈ ಹೊತ್ತಿನಲ್ಲಿ ಓದುಗರಿಗೆ ಕ್ಯಾಶ್‌ನ ಪುಟಗಳು ಸಿಗುತ್ತಿದ್ದವು. ವಿಪಿಎಸ್‌ನ ಲಾಗ್ ನೋಡಿದರೆ ಹಳೆಯ ಪ್ರತಿ ಕೊಟ್ಟ ಗುರುತುಗಳಿವೆ. ಕ್ಯಾಶ್‌ನಲ್ಲಿ ಇಲ್ಲದ ಹೊಸ ಹುಡುಕಾಟಗಳಿಗೆ ಮಾತ್ರ ‘ಸ್ವಲ್ಪ ಹೊತ್ತು ಬಿಟ್ಟು ನೋಡಿ’ ಎಂಬ ಪುಟ ಹೋಗಿದೆ.

6.12 ಕರ್ನಲ್ಲನ್ನು ಖಾಯಂ ಆಯ್ಕೆ ಮಾಡುವ ಮುಂಚೆ ಅದನ್ನು ಸುಮ್ಮನೆ ಓಡಲು ಬಿಟ್ಟೆ. ಅಲ್ಲಿಯವರೆಗೆ ಬೇಡದ ಪ್ಯಾಕೇಜು ಅಳಿಸುವ ಎಪಿಟಿಯ ಆಟೋರಿಮೂವ್ ಮುಟ್ಟಲಿಲ್ಲ, ಇಲ್ಲದಿದ್ದರೆ 6.1 ಅಳಿಸಿಹೋಗಬಹುದು. ಬ್ಯಾಕಪ್, ನೆಟ್‌ವರ್ಕ್ ಎರಡೂ ಸರಿ ಇವೆ ಎಂದಾದ ಮೇಲೆ ಗ್ರಬ್-ಸೆಟ್-ಡಿಫಾಲ್ಟ್‌ನಿಂದ ಹೊಸದನ್ನು ನಿಲ್ಲಿಸಿದೆ. ಪೈ ಇನ್ನೂ ಹಳೆಯ ಆವೃತ್ತಿಯಲ್ಲೇ ಇದೆ. ಪಿಸಿ ಮತ್ತು ಪೈ ಎರಡನ್ನೂ ಒಂದೇ ದಿನ ಮುಟ್ಟಬಾರದು ಎಂಬುದು ನಾನು ಇಟ್ಟುಕೊಂಡ ನಿಯಮ. ಪೈಯ ಸರದಿ ಬಂದಾಗ ಪಿಸಿಯ ಸುರಂಗದಿಂದ ಒಳಗೆ ಹೋಗಿ ಅಲ್ಲಿಂದ ಪೈ ನೋಡಿಕೊಳ್ಳುತ್ತೇನೆ. ಅದರ ಎಸ್‌ಡಿ ಕಾರ್ಡಿನ ಒಂದು ಪ್ರತಿಯನ್ನು ಮೇಷ್ಟ್ರ ಮೇಜಿನ ಡ್ರಾಯರ್‌ನಲ್ಲಿ ಇಡಿಸಿದ್ದೇನೆ.